ಅಕ್ಕಿ ನೆನೆಯುವ ಹೊತ್ತು: ಕಾರಂತರ ಕಾದಂಬರಿಗಳು ಹುಟ್ಟಿದ ಬಗೆ

ಶಿವರಾಮ ಕಾರಂತರು 47 ಕಾದಂಬರಿ ಬರೆದರು. ಈ ಲೆಕ್ಕ ಕೇಳಿದ ಕೂಡಲೇ, ಬೆಳಗಾದರೆ ಮೇಜಿನ ಮುಂದೆ ಕೂತು, ಊಟಕ್ಕೆ ಎದ್ದು, ಮತ್ತೆ ಬಂದು ಕೂರುವ ಮನುಷ್ಯನೊಬ್ಬ ಕಣ್ಣ ಮುಂದೆ ಬರುತ್ತಾನೆ. ಆದರೆ 1948ರಲ್ಲಿ ಬಂದ ಅವರ ಆತ್ಮಕಥೆ 'ಹುಚ್ಚು ಮನಸ್ಸಿನ ಹತ್ತು ಮುಖಗಳು' ಓದಿ ನೋಡಿ, ಆ ಮನುಷ್ಯ ಕುರ್ಚಿಯಲ್ಲಿ ಕೂತದ್ದು ಯಾವಾಗ ಎಂದೇ ತಿಳಿಯುವುದಿಲ್ಲ. ಖಾದಿ ಪ್ರಚಾರ, ಪತ್ರಿಕೆ, ನಾಟಕ, ಮೂಕಿ ಚಿತ್ರ ತೆಗೆಯುವ ಹುಚ್ಚು, ಮಕ್ಕಳ ಶಿಕ್ಷಣದ ಪ್ರಯೋಗ, ಯಕ್ಷಗಾನ, ಅಚ್ಚಿನ ಕೆಲಸ, ಮುಗಿಯದ ತಿರುಗಾಟ. ಹೆಸರಿಗೆ ತಕ್ಕ ಹಾಗೆ ಹತ್ತು ಮುಖ. ಕಾದಂಬರಿ ಅದರಲ್ಲಿ ಒಂದು ಮುಖ, ಅಷ್ಟೆ.

ಹಾಗಾದರೆ ಇಷ್ಟೊಂದು ಕಾದಂಬರಿ ಬಂದದ್ದಾದರೂ ಎಲ್ಲಿಂದ? ಈ ಪ್ರಶ್ನೆಯನ್ನು ನಾನು ಬಹಳ ದಿನ ತಪ್ಪಾಗಿ ಕೇಳಿಕೊಂಡಿದ್ದೆ. ಅಷ್ಟೆಲ್ಲ ಕೆಲಸದ ನಡುವೆ ಬರೆಯಲು ಸಮಯ ಹೇಗೆ ಸಿಕ್ಕಿತು ಎಂದು ಅಚ್ಚರಿಪಡುತ್ತಿದ್ದೆ. ಆ ಕೆಲಸಗಳನ್ನು ತೆಗೆದುಬಿಟ್ಟರೆ ಬರೆಯಲು ಅವರ ಬಳಿ ಉಳಿಯುತ್ತಿದ್ದದ್ದೇನು ಎಂದು ಕೇಳಬೇಕಿತ್ತು.

ಕಾದಂಬರಿಕಾರರು ಎಲ್ಲಿ ಸಿಕ್ಕಿದರೂ ಸಭೆಯಿಂದ ಯಾರಾದರೊಬ್ಬರು ಎದ್ದು, ನಿಮಗೆ ಸ್ಫೂರ್ತಿ ಎಲ್ಲಿಂದ ಎಂದು ಕೇಳುತ್ತಾರೆ. ಸ್ಫೂರ್ತಿ ಎಂಬುದು ಒಂದು ದಿನ, ಒಂದು ಗಳಿಗೆಯಲ್ಲಿ, ಅಂಚೆಯವನು ಬಂದಂತೆ ಬಾಗಿಲಿಗೆ ಬರುತ್ತದೆ ಎಂಬ ನಂಬಿಕೆ ಆ ಪ್ರಶ್ನೆಯ ಒಳಗೇ ಇದೆ. ನಮ್ಮ ಕಡೆ ನೀರುದೋಸೆ ಎರೆಯುವವರನ್ನು ಎಷ್ಟು ಹೊತ್ತು ಬೇಕು ಎಂದು ಕೇಳಿ. ಹತ್ತು ನಿಮಿಷ ಎನ್ನುತ್ತಾರೆ. ಸುಳ್ಳೇನಲ್ಲ. ಆದರೆ ರಾತ್ರಿಯಿಡೀ ಅಕ್ಕಿ ನೆನೆದದ್ದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. 'ಚೋಮನ ದುಡಿ'ಯನ್ನು ಕಾರಂತರು ಕೆಲವೇ ದಿನಗಳಲ್ಲಿ ಬರೆದು ಮುಗಿಸಿದರು ಎಂಬುದನ್ನು ಪವಾಡದಂತೆ ಹೇಳುವವರಿದ್ದಾರೆ. ರುಬ್ಬಿದ್ದು ಆ ಕೆಲವು ದಿನ, ನೆನೆದದ್ದು ವರ್ಷಗಟ್ಟಲೆ.

ನಮ್ಮ ಹಳೆಯ ಕಾವ್ಯಮೀಮಾಂಸಕರಿಗೆ ಇದು ಗೊತ್ತಿತ್ತು. ಹನ್ನೊಂದನೆಯ ಶತಮಾನದ ಕಾಶ್ಮೀರದ ಮಮ್ಮಟ ತನ್ನ 'ಕಾವ್ಯಪ್ರಕಾಶ'ದಲ್ಲಿ ಕಾವ್ಯ ಹುಟ್ಟಲು ಬೇಕಾದದ್ದನ್ನು ಒಂದೇ ಕಾರಿಕೆಯಲ್ಲಿ, ಅಂದರೆ ಸೂತ್ರದಂಥ ಒಂದೇ ಶ್ಲೋಕದಲ್ಲಿ, ಹೇಳಿ ಮುಗಿಸುತ್ತಾನೆ. ಮೊದಲು ಶಕ್ತಿ, ಅಂದರೆ ಹುಟ್ಟಾ ಬಂದ ಪ್ರತಿಭೆ. ಆಮೇಲೆ ನಿಪುಣತೆ; ಅದು ಲೋಕವನ್ನು, ಶಾಸ್ತ್ರಗಳನ್ನು, ಹಿಂದಿನವರ ಕಾವ್ಯಗಳನ್ನು ಕಣ್ಣಿಟ್ಟು ನೋಡಿದ್ದರಿಂದ ಬರುವಂಥದ್ದು. ಮೂರನೆಯದು ಬಲ್ಲವರಿಂದ ಕಲಿತು ಮಾಡುವ ಅಭ್ಯಾಸ. ಮೇಷ್ಟ್ರುಗಳು ಇದನ್ನು 'ಕಾವ್ಯದ ಮೂರು ಕಾರಣಗಳು' ಎಂದು ಬರೆಸಿ ಮುಂದೆ ಹೋಗುತ್ತಾರೆ. ಆದರೆ ಮಮ್ಮಟ 'ಹೇತು' ಎಂದು ಏಕವಚನದಲ್ಲಿ ಹೇಳಿದ್ದಾನೆ, ಹಾಗೆ ಹೇಳಿದ್ದು ಬೇಕೆಂದೇ ಎಂದು ಕಾರಿಕೆಯ ಕೆಳಗಿನ ವೃತ್ತಿಯಲ್ಲಿ, ಅಂದರೆ ವಿವರಣೆಯಲ್ಲಿ, ತಾನೇ ಹೇಳಿದ್ದಾನೆ: ಮೂರೂ ಕೂಡಿ ಒಂದು ಕಾರಣ, ಬಿಡಿಬಿಡಿಯಾಗಿ ಮೂರು ಕಾರಣಗಳಲ್ಲ. ಅಕ್ಕಿ, ನೀರು, ಒರಳು ಮೂರರಲ್ಲಿ ದೋಸೆ ಯಾವುದರಿಂದ ಆಯಿತು ಎಂದು ಕೇಳಿದರೆ ಏನು ಹೇಳುವುದು?

ನಿಪುಣತೆಯ ಮೂಲಗಳನ್ನು ಹೇಳುವಾಗ ಮಮ್ಮಟ ಲೋಕವನ್ನು ಮೊದಲು ಇಟ್ಟ, ಶಾಸ್ತ್ರ, ಕಾವ್ಯ ಆಮೇಲೆ. ಕಾರಂತರ ಮಟ್ಟಿಗೆ ಆ ಕ್ರಮ ಅಕ್ಷರಶಃ ನಿಜ.

ಅವರು ಹುಟ್ಟಿದ್ದು 1902ರ ಅಕ್ಟೋಬರ್ 10ರಂದು, ಕೋಟದಲ್ಲಿ. ಗಾಂಧೀಜಿಯ ಅಸಹಕಾರದ ಕರೆಗೆ ಓಗೊಟ್ಟು 1921ರಲ್ಲಿ ಮಂಗಳೂರಿನ ಕಾಲೇಜು ಬಿಟ್ಟರು. ಮುಂದಿನ ಐದಾರು ವರ್ಷ ಖಾದಿ, ಸ್ವದೇಶಿ ಎಂದು ಊರೂರು ಅಲೆದರು. ಆಗಿನ ದಕ್ಷಿಣ ಕನ್ನಡ ಜಿಲ್ಲೆ ಮದ್ರಾಸ್ ಪ್ರಾಂತ್ಯದಲ್ಲಿತ್ತು, ಉಡುಪಿ, ಕುಂದಾಪುರದಿಂದ ಕಾಸರಗೋಡಿನವರೆಗೆ ಅದರದ್ದೇ ಹರವು. ಪ್ರಚಾರಕ್ಕೆ ಹೋದವನಿಗೆ ನೆಂಟನಿಗೆ ಕಾಣದ್ದು ಕಾಣುತ್ತದೆ ಎಂದು ನನ್ನ ಎಣಿಕೆ. ನೆಂಟನನ್ನು ಜಗಲಿಯಲ್ಲಿ ಕೂರಿಸಿ ಬೆಲ್ಲ ನೀರು ಕೊಡುತ್ತಾರೆ, ಮನೆಯ ಒಳ್ಳೆಯ ಮುಖ ತೋರಿಸುತ್ತಾರೆ. ಖಾದಿಯ ಗಂಟು ಹೊತ್ತು ಬಂದವನ ಮುಂದೆ ಅಷ್ಟು ನಾಟಕ ಬೇಕಿಲ್ಲ. ದುಡ್ಡಿನ ಚಾವಿ ಯಾರ ಸೊಂಟದಲ್ಲಿದೆ, ಬೇಕು ಬೇಡ ಹೇಳುವವರು ಯಾರು, ಬಾಗಿಲ ಸಂದಿನಿಂದ ನೋಡಿ ಹಿಂದೆ ಸರಿದವಳು ಯಾರು, ಅಂಗಳದ ಆಚೆಗೇ ನಿಂತವನು ಯಾಕೆ ಅಲ್ಲೇ ನಿಂತ, ಎಲ್ಲ ಕಾಣುತ್ತದೆ. ಇದನ್ನೆಲ್ಲ ಟಿಪ್ಪಣಿ ಮಾಡಿಕೊಂಡು ಯಾರೂ ಕಾದಂಬರಿ ಬರೆಯುವುದಿಲ್ಲ. ಆದರೆ ಅದು ಒಳಗೆ ಇಳಿದಿರುತ್ತದೆ.

'ಚೋಮನ ದುಡಿ' 1933ರದ್ದು. ನೋಡಿದ್ದು ಕಾದಂಬರಿಯಾಗುವ ಬಗೆಯನ್ನು ಹತ್ತಿರದಿಂದ ನೋಡಲು ಇದಕ್ಕಿಂತ ಒಳ್ಳೆಯ ಪುಸ್ತಕ ನನಗೆ ಗೊತ್ತಿಲ್ಲ. ಅಸ್ಪೃಶ್ಯರ ಜೀತದ ಬದುಕನ್ನು ಕಂಡವನು ಅದರ ಬಗ್ಗೆ ಲೇಖನ ಬರೆಯಬಹುದು, ಭಾಷಣ ಮಾಡಬಹುದು. ಎರಡಕ್ಕೂ ಮಾಹಿತಿ ಸಾಕು. ಕಾದಂಬರಿಗೆ ಮಾಹಿತಿಯನ್ನೆಲ್ಲ ಸೆಳೆದು ಹಿಡಿದುಕೊಳ್ಳುವ ಒಂದು ಗಂಟು ಬೇಕು. ಕಾರಂತರಿಗೆ ಆ ಗಂಟು ಸಿಕ್ಕಿದ್ದು ಜೋಡಿ ಎತ್ತುಗಳಲ್ಲಿ. ಚೋಮನಲ್ಲಿ ಎರಡು ಎತ್ತುಗಳಿವೆ, ಉಳಲು ನೆಲವಿಲ್ಲ. ಅವನ ಜಾತಿಯವನು ಬೇಸಾಯ ಮಾಡುವಂತಿಲ್ಲ. ಒಡೆಯ ಸಂಕಪ್ಪಯ್ಯನಿಗೆ ಕೊಡುವ ಮನಸ್ಸು ಒಂದಷ್ಟು ಇದ್ದರೂ ಅವನ ತಾಯಿ ಒಪ್ಪುವುದಿಲ್ಲ.

ಈ ಎತ್ತುಗಳನ್ನು ಕಥೆಯಿಂದ ಬಿಚ್ಚಿ ಆಚೆ ಕಟ್ಟಿ ನೋಡಿ. ಸಾಲವಿರುತ್ತದೆ, ಸಾಲ ತೀರಿಸಲು ಘಟ್ಟದ ಕಾಫಿ ತೋಟಕ್ಕೆ ಹೋಗುವ ಮಕ್ಕಳಿರುತ್ತಾರೆ, ಜ್ವರವಿರುತ್ತದೆ. ನೀರಿನಲ್ಲಿ ಮುಳುಗುವ ಹುಡುಗನನ್ನು ಮುಟ್ಟಿ ಎತ್ತಲು ಮುಂದಾಗದ ಜನರೂ ಇರುತ್ತಾರೆ. ಎಲ್ಲವೂ ನಿಜ, ಆದರೆ ಒಂದರ ಪಕ್ಕ ಒಂದು ಬಿದ್ದಿರುತ್ತವೆ. ಎತ್ತುಗಳು ಬಂದ ಕೂಡಲೇ ಪ್ರತಿಯೊಂದು ಸಾವೂ ಪ್ರತಿಯೊಂದು ಸಾಲವೂ 'ಅವುಗಳನ್ನು ಮಾರಬಾರದೇ?' ಎಂಬ ಪ್ರಶ್ನೆಯಾಗಿ ಚೋಮನ ಎದುರು ನಿಲ್ಲುತ್ತದೆ. ಅವನು ಮಾರುವುದಿಲ್ಲ. ಮಗಳು ಬೆಳ್ಳಿಯ ಬದುಕೇ ಅದಕ್ಕೆ ಬೆಲೆಯಾಗುತ್ತದೆ. ನೆಲ ಸಿಕ್ಕೀತು ಎಂಬ ಆಸೆಗೆ ಮತಾಂತರವಾಗಲು ಹೊರಟವನು ತಾನು ನಂಬಿದ ದೈವ ಪಂಜುರ್ಲಿ ಭೂತದ ನೆನಪಿಗೆ ಸಿಕ್ಕಿ ಹಿಂದಿರುಗುತ್ತಾನೆ. ಕೊನೆಗೆ ನೇಗಿಲು ಮುರಿದು, ಎತ್ತುಗಳನ್ನು ಓಡಿಸಿ, ಒಳಗೆ ಹೋಗಿ ದುಡಿ ಬಾರಿಸುತ್ತಾನೆ.

ಇದರಲ್ಲಿ ಎಷ್ಟು ಕಂಡದ್ದು, ಎಷ್ಟು ಕಟ್ಟಿದ್ದು? ಬೇರ್ಪಡಿಸಲು ಹೋಗುವುದು ವ್ಯರ್ಥ. ಆದರೆ ಒಂದು ವಿಷಯ ಖಂಡಿತ ಕಟ್ಟಿದ್ದು, ಅದು ಚೋಮನ ಮಾತು. ಆ ಸೀಮೆಯಲ್ಲಿ ಅಂಥವನೊಬ್ಬ ನಿಜವಾಗಿ ಬದುಕಿದ್ದರೆ ತುಳು ಆಡುತ್ತಿದ್ದ. ಪುಸ್ತಕದ ಚೋಮ ಕನ್ನಡ ಆಡುತ್ತಾನೆ. ಓದುವಾಗ ನಮಗೆ ಇದು ಹೊಳೆಯುವುದೂ ಇಲ್ಲ. ಕಣ್ಣಾರೆ ಕಂಡದ್ದನ್ನು ಹಾಗೆಯೇ ಬರೆದಿದ್ದಾರೆ ಎಂದು ಮೆಚ್ಚುವವರು ನೆನಪಿಡಬೇಕಾದ ಮಾತಿದು: ಕಂಡ ಲೋಕ ಒಂದು ಭಾಷೆಯಲ್ಲಿತ್ತು, ಬರೆದ ಲೋಕ ಇನ್ನೊಂದರಲ್ಲಿದೆ. ಮೊದಲ ಸಾಲಿನಿಂದಲೇ ಕಾರಂತರು ನೋಡಿದ್ದನ್ನು ಬಿಟ್ಟು ಮಾಡಲು ತೊಡಗಿದ್ದಾರೆ. ಚೋಮನ ಒಳಗನ್ನು ಹೊರಗಿನವನೊಬ್ಬ ಎಷ್ಟು ಬಲ್ಲ ಎಂಬ ಪ್ರಶ್ನೆಯನ್ನು ಆಮೇಲಿನ ತಲೆಮಾರು ಎತ್ತಿದ್ದೂ ನ್ಯಾಯವೇ. ಅದಕ್ಕೆ ಕಾದಂಬರಿಯ ಒಳಗೆ ಉತ್ತರವಿಲ್ಲ, ದುಡಿಯ ಸದ್ದು ಮಾತ್ರ ಇದೆ. ಚೋಮನಿಗೆ ಹೇಳಲು ಬಾರದ ಕಡೆ ಕಾರಂತರು ಅವನ ಬಾಯಲ್ಲಿ ಭಾಷಣ ತುರುಕದೆ ಕೈಗೆ ದುಡಿ ಕೊಟ್ಟರು. ಹೊರಗಿನವನಿಗೆ ಎಲ್ಲಿ ನಿಲ್ಲಬೇಕೆಂದು ಗೊತ್ತಿದ್ದ ಲಕ್ಷಣ ಅದು ಎಂದು ನನಗನ್ನಿಸುತ್ತದೆ.

'ಮರಳಿ ಮಣ್ಣಿಗೆ'ಯ ಮೂಲ ಬೇರೆ ಥರದ್ದು. ಅಲ್ಲಿ ಅಲೆದು ಕಂಡ ಊರಿಲ್ಲ, ಹುಟ್ಟಿದ ಊರಿದೆ. ಒಂದು ಕಡೆ ಕಡಲು, ಇನ್ನೊಂದು ಕಡೆ ಹಿನ್ನೀರು, ನಡುವೆ ಮರಳಿನ ಪಟ್ಟಿ, ಅದರ ಮೇಲೆ ಮೂರು ತಲೆಮಾರಿನ ಒಂದು ಬ್ರಾಹ್ಮಣ ಸಂಸಾರ. ರಾಮ ಐತಾಳ, ಅವನ ಮಗ ಲಚ್ಚ, ಮೊಮ್ಮಗ ರಾಮ ಎಂದು ಗಂಡಸರ ಹೆಸರಿನಲ್ಲಿ ಕಥೆ ಹೇಳಬಹುದು, ಪಠ್ಯಪುಸ್ತಕಗಳು ಹಾಗೆಯೇ ಹೇಳುತ್ತವೆ. ಆದರೆ ಓದಿ ಮುಗಿಸಿದವರ ತಲೆಯಲ್ಲಿ ಉಳಿಯುವುದು ಪಾರೋತಿ, ಸರಸೋತಿ, ಸತ್ಯಭಾಮೆ, ಪಿಟೀಲು ಹಿಡಿದ ನಾಗವೇಣಿ. ಮತ್ತು ಅವರು ಮಾಡಿದ ಕೆಲಸ. ಗದ್ದೆಯ ಕೆಲಸ, ಗೊಬ್ಬರ ಹೊರುವುದು, ಮಳೆಗಾಲಕ್ಕೆ ಸೌದೆ ಒಟ್ಟುವುದು.

ಒಂದು ಜೂನ್‌ನಲ್ಲಿ ಆ ಕಾದಂಬರಿಯ ಊರು ಕೋಡಿ ಕಡೆ ಹೋಗಿದ್ದೆ. ಮಳೆ ಹಿಡಿದು ಎರಡು ದಿನವಾಗಿತ್ತು, ಕಡಲು ಕೆಂಪಗೆ ಕದಡಿ ದಂಡೆಗೆ ಕಸಕಡ್ಡಿ ಎಸೆಯುತ್ತಿತ್ತು. ಎಪ್ಪತ್ತು ದಾಟಿದ ಒಬ್ಬ ಅಜ್ಜಿ ಒದ್ದೆ ತೆಂಗಿನ ಮಡಲು ಎಳೆದುಕೊಂಡು ಮರಳಿನಲ್ಲಿ ಬರುತ್ತಿದ್ದರು.

"ಎಂತಕ್ಕೆ ಅಜ್ಜಿ ಇದ್? ಮನೆಯಂಗೆ ಗ್ಯಾಸ್ ಇಲ್ಯಾ?"

"ಗ್ಯಾಸ್ ಇತ್ತ್ ಮಗಾ. ಮೀಂಬುಕೆ ನೀರ್ ಕಾಸುಕೆ ಗ್ಯಾಸ್ ಉರ್ಸುಕಾತ್ತಾ?"

ಹೇಳಿದ ಹಾಗೆಯೇ ಅವರು ನಿಲ್ಲದೆ ಮುಂದೆ ಹೋದರು. ಮಡಲಿನ ತುದಿ ಮರಳಿನಲ್ಲಿ ಉದ್ದಕ್ಕೆ ಒಂದು ಗೆರೆ ಎಳೆಯಿತು. ಅಲ್ಲಿ ನಿಂತಾಗ ನನಗೆ ಹೊಳೆದದ್ದು ಸಣ್ಣ ಸಂಗತಿ. ಈ ಅಜ್ಜಿಯನ್ನು ನಾನು ಕಂಡದ್ದು ಒಂದು ಸಲ, ಅದೂ 'ಮರಳಿ ಮಣ್ಣಿಗೆ' ಓದಿದ್ದರಿಂದ ಕಂಡದ್ದು. ಕಾರಂತರು ಇಂಥವರನ್ನು ಹುಡುಗನಾಗಿದ್ದಾಗ ದಿನಾ ಕಂಡಿದ್ದಾರೆ, ಯಾಕೆ ನೋಡುತ್ತಿದ್ದೇನೆ ಎಂದು ಗೊತ್ತಿಲ್ಲದೆ ನೋಡಿದ್ದಾರೆ. ಬಾಲ್ಯದ ನೋಟಕ್ಕೆ ಉದ್ದೇಶವಿಲ್ಲದ್ದರಿಂದ ಅದು ಬೇಕಾದದ್ದು ಬೇಡದ್ದು ಎಲ್ಲವನ್ನೂ ಎತ್ತಿಟ್ಟುಕೊಳ್ಳುತ್ತದೆ.

ಅವರು ಆ ಕಾದಂಬರಿ ಬರೆದ ಕಾಲಕ್ಕೆ ಕೋಟದಲ್ಲಿರಲಿಲ್ಲ. ಕಡಲಿನ ಸದ್ದು ಕೇಳದ ಪುತ್ತೂರಿನಲ್ಲಿ, ನೂರು ಕಿಲೋಮೀಟರಿಗೂ ದೂರದಲ್ಲಿ ನೆಲೆಸಿದ್ದರು. ನಡುವೆ ಇಪ್ಪತ್ತು ವರ್ಷದ ಸಾರ್ವಜನಿಕ ಬದುಕು ಕಳೆದಿತ್ತು. ಊರಲ್ಲೇ ಇದ್ದವರಿಗೆ ಊರು ಅಭ್ಯಾಸವಾಗಿಬಿಡುತ್ತದೆ, ಪೂರ್ತಿ ಬಿಟ್ಟವರಿಗೆ ಬರೀ ಹಳಹಳಿಕೆ ಆಗುತ್ತದೆ. ಅವರು ಈ ಎರಡರ ನಡುವಿನ ದೂರದಲ್ಲಿದ್ದರು. ಊರುಬಿಟ್ಟು ಹೋಟೆಲು ಇಟ್ಟವರ ಹಣವೂ ಕಾದಂಬರಿಯಲ್ಲಿದೆ, ಉಪ್ಪುನೀರು ನುಗ್ಗುವ ಗದ್ದೆಯೂ ಇದೆ. ಮರಳಿ ಬಂದ ಮೊಮ್ಮಗ ರಾಮನನ್ನು ಕಾರಂತರು ಹೊಗಳುವುದೂ ಇಲ್ಲ, ಹೋದವರನ್ನು ಬೈಯುವುದೂ ಇಲ್ಲ.

ಬದುಕಿನಲ್ಲಿ ನಡೆದದ್ದಕ್ಕೂ ಕಾದಂಬರಿಯಲ್ಲಿ ಬಂದದ್ದಕ್ಕೂ ಇರುವ ಅಂತರ ನೋಡಬೇಕೆಂದಿರುವವರಿಗೆ ಎಸ್.ಎಲ್. ಭೈರಪ್ಪನವರು ಒಂದು ಅನುಕೂಲ ಮಾಡಿಕೊಟ್ಟಿದ್ದಾರೆ. ಚಿಕ್ಕಂದಿನಲ್ಲೇ ತಾಯಿಯನ್ನೂ ಒಡಹುಟ್ಟಿದವರನ್ನೂ ಪ್ಲೇಗಿನಲ್ಲಿ ಕಳೆದುಕೊಂಡವರು ಅವರು. 1970ರ 'ಗೃಹಭಂಗ'ದಲ್ಲಿ ಆ ಪ್ಲೇಗು ಇದೆ, ಶಾನುಭೋಗಿಕೆಯ ಲೆಕ್ಕ ಬರೆದು ಮನೆ ನಡೆಸುವ ನಂಜಮ್ಮ ಇದ್ದಾಳೆ. 1996ರಲ್ಲಿ ಬಂದ ಆತ್ಮಕಥೆ 'ಭಿತ್ತಿ'ಯಲ್ಲಿ ಅದೇ ಬಾಲ್ಯ ಮತ್ತೆ ಬರುತ್ತದೆ. ಎರಡನ್ನೂ ಒಂದರ ಮೇಲೊಂದು ಓದಿದರೆ ತಿಳಿಯುವುದಿಷ್ಟು: ಆತ್ಮಕಥೆಯಲ್ಲಿ ಎಲ್ಲವನ್ನೂ ನೋಡುವವನು ಬದುಕಿ ಉಳಿದ ಹುಡುಗ. ಕಾದಂಬರಿಯ ಭಾರವೆಲ್ಲ ತಾಯಿಯ ಮೇಲೆ. ನೋವು ಅದೇ, ಅದು ಯಾರ ಕಣ್ಣಿನಲ್ಲಿ ನಿಂತಿದೆ ಎಂಬುದು ಬದಲಾಯಿತು. ನಂಜಮ್ಮ ಎದ್ದು ನಿಂತದ್ದು ಆ ಬದಲಾವಣೆಯಿಂದ. ಅದೇ ಭೈರಪ್ಪನವರು 'ಪರ್ವ', 'ಮಂದ್ರ' ಬರೆಯುವಾಗ ಬೇರೆ ದಾರಿ ಹಿಡಿದರು. ವಿಷಯ ಮೊದಲು, ಅದಕ್ಕಾಗಿ ಓದು, ಓಡಾಟ ಆಮೇಲೆ. ಕಾರಂತರದು ಬಹುಮಟ್ಟಿಗೆ ಇದರ ತಿರುಗುಮುರುಗು. ಓಡಾಟ ಬೇರೆ ಯಾವುದೋ ಕೆಲಸಕ್ಕೆ, ವಿಷಯ ಅದರಿಂದ ಬಿದ್ದದ್ದು.

ಸುಬ್ರಹ್ಮಣ್ಯದ ಕಾಡಿನ ಅಂಚಿನ 'ಬೆಟ್ಟದ ಜೀವ' (1943) ಹೀಗೆಯೇ. ದಾರಿ ತಪ್ಪಿದ ಒಬ್ಬ ಪ್ರಯಾಣಿಕನನ್ನು ದೇರಣ್ಣ, ಬಟ್ಯ ಎಂಬಿಬ್ಬರು ಗೋಪಾಲಯ್ಯನ ಮನೆಗೆ ಕರೆದುಕೊಂಡು ಹೋಗುತ್ತಾರೆ. ಅಲ್ಲಿ ಕೆಲವು ದಿನ ಉಳಿಯುತ್ತಾನೆ, ಕಾದಂಬರಿ ಮುಗಿಯುತ್ತದೆ. ಕಾಡು ಕಡಿದು ತೋಟ ಮಾಡಿದ ಮುದುಕ, ಮನೆಬಿಟ್ಟು ಹೋದ ಮಗ, ಆ ಮಗನ ಮಾತು ಬಂದಾಗಲೆಲ್ಲ ವಿಷಯ ತಿರುಗಿಸುವ ದಂಪತಿ. ತಿರುಗಾಡುವವನಿಗೆ ಸಿಗುವ ಕಥೆಯ ಅಳತೆಯೇ ಇಷ್ಟು: ನಾಲ್ಕು ದಿನದ ಊಟ, ರಾತ್ರಿ ಮಾತು, ಪೂರ್ತಿ ಗೊತ್ತಾಗದ ಒಂದು ದುಃಖ. ಕಾರಂತರು ಆ ಅಳತೆಯನ್ನು ಹಿಗ್ಗಿಸಲು ಹೋಗಲಿಲ್ಲ.

1960ರ 'ಅಳಿದ ಮೇಲೆ'ಯಲ್ಲಂತೂ ಈ ಕ್ರಮವನ್ನೇ ಕಾದಂಬರಿ ಮಾಡಿಬಿಟ್ಟರು. ಪ್ರಯಾಣದಲ್ಲಿ ಪರಿಚಯವಾದ ಯಶವಂತರಾಯ ಎಂಬವನು ಸತ್ತಮೇಲೆ, ನಿರೂಪಕ ಅವನು ಬಿಟ್ಟುಹೋದ ಕಾಗದಪತ್ರಗಳ ಜಾಡು ಹಿಡಿದು, ಅವನನ್ನು ಬಲ್ಲವರನ್ನು ಒಬ್ಬೊಬ್ಬರಾಗಿ ಹುಡುಕಿಕೊಂಡು ಹೋಗುತ್ತಾನೆ. ಒಬ್ಬೊಬ್ಬರೂ ಹೇಳುವ ಯಶವಂತ ಬೇರೆ ಬೇರೆ. ಕಾದಂಬರಿಕಾರನಿಗೆ ಪಾತ್ರ ಸಿಗುವ ಬಗೆಯನ್ನು ಇಷ್ಟು ಬಿಚ್ಚಿ ತೋರಿಸಿದ ಇನ್ನೊಂದು ಕೃತಿ ಕನ್ನಡದಲ್ಲಿ ನನಗೆ ನೆನಪಿಗೆ ಬರುತ್ತಿಲ್ಲ. ಬರೆಯಬೇಕೆಂದಿರುವ ಹುಡುಗ ಹುಡುಗಿಯರು ಕೇಳಿದರೆ ನಾನು ಮೊದಲು ಕೊಡುವುದು ಇದನ್ನೇ.

ಇನ್ನು ಮಮ್ಮಟ ಎರಡನೆಯದಾಗಿ ಹೇಳಿದ ಶಾಸ್ತ್ರ. 1936ರಲ್ಲಿ ಕಾರಂತರು ಮಕ್ಕಳಿಗಾಗಿ 'ಬಾಲ ಪ್ರಪಂಚ'ದ ಮೂರು ಸಂಪುಟ ತಂದಿದ್ದರು. 1959ರಿಂದ ಮುಂದೆ 'ವಿಜ್ಞಾನ ಪ್ರಪಂಚ'ದ ನಾಲ್ಕು ಸಂಪುಟ. ಒಬ್ಬರೇ ಕೂತು ವಿಶ್ವಕೋಶ ಬರೆಯುವುದು ಹುಚ್ಚೇ ಸರಿ. ಅದಕ್ಕಾಗಿ ಜೀವವಿಕಾಸ, ಭೂಗರ್ಭ, ಪ್ರಾಚೀನ ಮಾನವ ಎಂದು ಏನೇನೋ ಓದಬೇಕಾಯಿತು. ಆ ಕೆಲಸ ಮುಗಿದು ಕೆಲವೇ ವರ್ಷಕ್ಕೆ, 1968ರಲ್ಲಿ, 'ಮೂಕಜ್ಜಿಯ ಕನಸುಗಳು' ಬಂತು. ಇದು ಕಾಕತಾಳೀಯ ಎಂದು ನಾನು ನಂಬುವುದಿಲ್ಲ.

ಅಲ್ಲಿ ಅವರಿಗೆ ಎದುರಾದ ತೊಡಕು ಚೋಮನಿಗಿಂತ ದೊಡ್ಡದು. ದೇವರುಗಳು ಹೇಗೆ ಹುಟ್ಟಿದವು, ಹೇಗೆ ಬದಲಾದವು, ಗಂಡು ಹೆಣ್ಣಿನ ಸಂಬಂಧಕ್ಕೂ ಪೂಜೆಗೂ ನಂಟೇನು ಎಂಬ ಸಾವಿರಾರು ವರ್ಷದ ಸಂಗತಿಯನ್ನು ಕಾದಂಬರಿಯ ಹೊಟ್ಟೆಯಲ್ಲಿ ಹಾಕುವುದು ಹೇಗೆ? ವಿದ್ವಾಂಸನೊಬ್ಬನನ್ನು ಪಾತ್ರ ಮಾಡಿದ್ದರೆ ಉಪನ್ಯಾಸವಾಗುತ್ತಿತ್ತು. ಅವರು ಓದುಬರಹ ಬಾರದ ಒಬ್ಬ ಮುದುಕಿಯನ್ನು ತಂದು ಅಶ್ವತ್ಥಕಟ್ಟೆಯ ಆಸುಪಾಸು ಕೂರಿಸಿದರು. ಬಾಲ್ಯದಲ್ಲೇ ಗಂಡನನ್ನು ಕಳೆದುಕೊಂಡವಳು, ಮಾತು ಕಮ್ಮಿ ಎಂದು ಮೂಕಿ ಎನ್ನಿಸಿಕೊಂಡವಳು. ಹಳೆಯ ವಸ್ತುವೊಂದನ್ನು ಕೈಗೆ ಕೊಟ್ಟರೆ ಅದರ ಹಿಂದಿನ ಕಾಲ ಅವಳಿಗೆ ಕಾಣುತ್ತದೆ. ಮೊಮ್ಮಗ ಸುಬ್ಬರಾಯ ತಂದು ತಂದು ಕೊಡುತ್ತಾನೆ, ಕೇಳುತ್ತಾನೆ, ಅರ್ಧ ನಂಬುತ್ತಾನೆ. ಪವಾಡಗಳನ್ನು ಒಪ್ಪದ ಕಾರಂತರು ಇಂಥದ್ದೊಂದು ಶಕ್ತಿಯನ್ನು ಕಥೆಗೆ ತಂದದ್ದು ವಿಚಿತ್ರವೆನಿಸುತ್ತದೆ. ಆದರೆ ಕೈಯಲ್ಲಿ ಹಿಡಿದ ಚೂರಿನಿಂದ ಒಂದು ಯುಗವನ್ನು ಊಹಿಸುವವರು ಪುರಾತತ್ವದವರೂ ಹೌದು. ಕಾರಂತರು ಅವರ ಕೆಲಸವನ್ನೇ ಅಜ್ಜಿಯ ಬೆರಳಿಗೆ ಇಳಿಸಿದರು. 1977ರ ಜ್ಞಾನಪೀಠ ಈ ಕಾದಂಬರಿಗೆ ಬಂತು. ಬಹುಮಾನದ ಸುದ್ದಿಯ ಜೊತೆಗೆ ವಿಜ್ಞಾನ ಪ್ರಪಂಚದ ಆ ನಾಲ್ಕು ದಪ್ಪ ಪುಸ್ತಕಗಳನ್ನು ನೆನೆದವರು ಕಡಿಮೆ ಎಂದೇ ನನ್ನ ಊಹೆ.

ಹೀಗೆಂದು ಕಾರಂತರ ಕ್ರಮವೇ ಸರಿ ಎನ್ನಲು ನಾನು ಸಿದ್ಧನಿಲ್ಲ. ಅದಕ್ಕೂ ಬೆಲೆ ಕಟ್ಟಬೇಕಾಯಿತು. ಮಮ್ಮಟನ ಮೂರನೆಯ ಮಾತು, ಅಭ್ಯಾಸ, ಅವರಲ್ಲಿ ಎಲ್ಲ ಕಡೆ ಒಂದೇ ತೂಕದಲ್ಲಿಲ್ಲ. ಬರೆದದ್ದನ್ನು ಮತ್ತೆ ಮತ್ತೆ ತಿದ್ದಿ ತೀಡುವ ಜಾಯಮಾನ ಅವರದ್ದಲ್ಲ, ಓದುವಾಗ ಅದು ಗೊತ್ತಾಗುತ್ತದೆ. ವಾಕ್ಯಗಳು ಕೆಲವೆಡೆ ಒರಟು, ಮಾತು ಕೆಲವೆಡೆ ಲೇಖನ. ಕಾಂಗ್ರೆಸ್ ರಾಜಕೀಯದ ಬಗೆಗಿನ ಸಿಟ್ಟು ತುಂಬಿದ 'ಔದಾರ್ಯದ ಉರುಳಲ್ಲಿ' ಓದಿದಾಗ, ಇನ್ನೊಂದೆರಡು ವರ್ಷ ಇದು ನೆನೆಯಬೇಕಿತ್ತು ಅನ್ನಿಸಿತು. 47ರಲ್ಲಿ ನಾನು ಮತ್ತೆ ಮತ್ತೆ ತೆರೆಯುವವು ಏಳೋ ಎಂಟೋ. ಅದೇ ಕುವೆಂಪು ಅವರನ್ನು ನೋಡಿ: 1936ರಲ್ಲಿ 'ಕಾನೂರು ಹೆಗ್ಗಡಿತಿ', ಎರಡನೆಯ ಕಾದಂಬರಿ 'ಮಲೆಗಳಲ್ಲಿ ಮದುಮಗಳು' 1967ರಲ್ಲಿ. ನಡುವೆ 31 ವರ್ಷ. ಇಡೀ ಬದುಕಿಗೆ ಎರಡೇ ಕಾದಂಬರಿ, ಎರಡಕ್ಕೂ ಅದೇ ಮಲೆನಾಡು, ಅದೇ ಬಾಲ್ಯ. ಒಬ್ಬರು ಒಂದೇ ಬಾವಿಯನ್ನು ಆಳಕ್ಕೆ ತೋಡಿದರು, ಇನ್ನೊಬ್ಬರು ಹೋದಲ್ಲೆಲ್ಲ ಹೊಂಡ ತೆಗೆದರು, ಕೆಲವು ಕಡೆ ಕೆಸರು ಬಂತು, ಕೆಲವು ಕಡೆ ಸಿಹಿನೀರು.

ಆದರೂ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ 1959ರಲ್ಲಿ ಕಾರಂತರಿಗೆ ಸಿಕ್ಕಿದ್ದು ಕಾದಂಬರಿಗಲ್ಲ, 'ಯಕ್ಷಗಾನ ಬಯಲಾಟ' ಎಂಬ ಅಧ್ಯಯನಕ್ಕೆ ಎಂಬುದು ಯೋಚಿಸುವಂಥ ಸಂಗತಿ. ಅವರ ಮಟ್ಟಿಗೆ ಅದು ಪಕ್ಕದ ಕೆಲಸವಾಗಿರಲಿಲ್ಲ. ಯಾವುದೂ ಪಕ್ಕದ ಕೆಲಸವಾಗಿರಲಿಲ್ಲ. ಎಂಬತ್ತು ದಾಟಿದ ಮೇಲೆ ಕೈಗಾ ಅಣುಸ್ಥಾವರದ ವಿರುದ್ಧ ಬೀದಿಗಿಳಿದರು, 1989ರಲ್ಲಿ ಲೋಕಸಭೆಗೆ ನಿಂತು ಸೋತರು. ಕೊನೆಕೊನೆಗೆ ಹೇಳಿ ಬರೆಸುತ್ತಿದ್ದರು. ತೊಂಬತ್ತು ದಾಟಿದವರು ಹಕ್ಕಿಗಳ ಮೇಲೊಂದು ಪುಸ್ತಕ ಮಾಡಲು ಕೂತರು; ಯಾವ ಹಕ್ಕಿ ಎಲ್ಲಿರುತ್ತದೆ, ಏನು ತಿನ್ನುತ್ತದೆ, ಹೇಗೆ ಕೂಗುತ್ತದೆ. 1997ರ ಡಿಸೆಂಬರ್ 9ರಂದು ಅವರು ತೀರಿಕೊಂಡರು. ಆ ಹಕ್ಕಿಗಳು ನೆನೆದು ಕಾದಂಬರಿಯಾಗಲು ಹೊತ್ತು ಉಳಿದಿರಲಿಲ್ಲ.